ಈರುಳ್ಳಿ ಕಲ್ಲು

ಬಾಣಾವರ ದಾಟುವಷ್ಟರಲ್ಲಿ ಲತಾಮಣಿ ಆ ಜೆರಾಕ್ಸ್ ಹಾಳೆಯನ್ನು ನಾಲ್ಕು ಸಲ ಬ್ಯಾಗಿನಿಂದ ತೆಗೆದು ನಾಲ್ಕು ಸಲ ಒಳಗಿಟ್ಟಿದ್ದಳು. ಐದನೆಯ ಸಲ ತೆಗೆದಾಗ ಪಕ್ಕದಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿ, ‘ಎಕ್ಸರೇನಾ ಅವ್ವಾ? ಯಾರ್ದು?’ ಎಂದು ಮರುಕದಿಂದ ಕೇಳಿದಳು. ಹಾಗೆ ಕೇಳಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಜೆರಾಕ್ಸ್ ಅಂಗಡಿಯವನು ಕಪ್ಪು ಜಾಸ್ತಿ ಮಾಡಿಬಿಟ್ಟಿದ್ದರಿಂದ ಆ ಚಿತ್ರ ಯಾರದೋ ಎದೆಗೂಡಿನ ಹಾಗೇ ಕಾಣುತ್ತಿತ್ತು. ಒಂದರ ಮೇಲೊಂದು ಕವುಚಿಟ್ಟ ಬಟ್ಟಲುಗಳಂತೆ ಬಾಗಿದ ಗೆರೆಗಳು, ಪಕ್ಕದಲ್ಲಿ ಅಳತೆ ತಿಳಿಯಲೆಂದು ಒರಗಿಸಿಟ್ಟ ಒಂದು ಸುತ್ತಿಗೆ. ‘ನಮ್ಮೋರ್ದೇ,’ ಎಂದಳು ಲತಾಮಣಿ, ನಗು ತಡೆದುಕೊಂಡು. ‘ವಾಸಿಯಾಯ್ತದೆ ಬುಡವ್ವ, ಮಾಲೇಕಲ್ಲು ತಿಮ್ಮಪ್ಪನಿಗೆ ಹರಸ್ಕೊ,’ ಎಂದು ಆ ಹೆಂಗಸು ಕಣ್ಣು ಮುಚ್ಚಿದಳು. ಲತಾಮಣಿಗೆ ಅವಳನ್ನು ಎಬ್ಬಿಸಿ ಎಲ್ಲವನ್ನೂ ಹೇಳಿಬಿಡಬೇಕು ಎನಿಸಿತು. ಇದು ಇನ್ನೂರೈವತ್ತು ಕೋಟಿ ವರ್ಷದ ಹಿಂದಿನದು ಕಣ್ರೀ, ಇದು ಸಮುದ್ರದಲ್ಲಿ ಇದ್ದದ್ದು ಕಣ್ರೀ, ಇಂಥದ್ದೇ ಒಂದು ನಮ್ಮೂರ ಗುಡಿಯ ಮೆಟ್ಟಿಲಿನಲ್ಲಿ ಇದೆ ಕಣ್ರೀ. ‘ಇದೆ’ ಎಂದು ಮನಸ್ಸು ಹೇಳಿದ ಕೂಡಲೇ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದಳು. ಇದ್ದರೆ. ಇದ್ದರೆ ಎನ್ನಬೇಕು. ಎರಡು ವರ್ಷದ ಹಿಂದೆಯೂ ಹೀಗೇ ‘ಇದೆ’ ಎಂದುಕೊಂಡು ಹೋಗಿದ್ದಳಲ್ಲ.

ಆ ಚಿತ್ರ ಸಿಕ್ಕಿದ್ದು ಹಾಸನದಲ್ಲಿ, ಹೋದ ವಾರ, ಹತ್ತನೇ ಕ್ಲಾಸಿನ ಉತ್ತರಪತ್ರಿಕೆ ತಿದ್ದಲು ಹೋಗಿದ್ದಾಗ. ಊಟದ ಬಿಡುವಿನಲ್ಲಿ ಉಳಿದ ಮೇಷ್ಟರುಗಳು ವರ್ಗಾವಣೆಯ ಮಾತಾಡುತ್ತಿದ್ದರೆ ಇವಳು ಆ ಕಾಲೇಜಿನ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು ಭೂವಿಜ್ಞಾನದ ಹಳೆಯ ಪತ್ರಿಕೆಯೊಂದನ್ನು ಸುಮ್ಮನೆ ತಿರುವುತ್ತಿದ್ದಳು. ಸುಮ್ಮನೆ ಎಂಬುದು ಗಂಡ ಧರ್ಮೇಶನಿಗೆ ಹೇಳಿದ ಮಾತು. ಎರಡು ವರ್ಷದ ಹಿಂದಿನ ಆ ಮಕರದ ಬಾಲದ ಪ್ರಕರಣವಾದ ಮೇಲೆ ಕಲ್ಲಿನ ಸುದ್ದಿಗೆ ಹೋಗುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದಳು, ಆದರೆ ಪತ್ರಿಕೆ ತಿರುವುವುದು ಕಲ್ಲಿನ ಸುದ್ದಿಗೆ ಹೋದ ಹಾಗಲ್ಲ ಎಂದು ತನಗೆ ತಾನೇ ತೀರ್ಮಾನ ಬರೆದುಕೊಂಡಿದ್ದಳು. ತಿಪಟೂರಿನಾಚೆಯ ಗುಡ್ಡಗಳ ಸುಣ್ಣದ ಕಲ್ಲಿನ ಬಗ್ಗೆ ಯಾರೋ ಬರೆದಿದ್ದರು. ಆ ಗುಡ್ಡಗಳು ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ತಳವಾಗಿದ್ದವಂತೆ. ಆ ತಳದಲ್ಲಿ ಪಾಚಿಯಂಥ ಲೋಳೆ ಜೀವವೊಂದು ಬಿಸಿಲು ಕಾಯುತ್ತಾ ಹರಡಿಕೊಂಡಿತ್ತಂತೆ. ಅಲೆ ಬಂದು ಮೈಮೇಲೆ ಕೆಸರು ಹಾಕಿದರೆ ಅದು ಕೆಸರಿನಿಂದ ಮೇಲೆದ್ದು ಹೊಸ ಪದರ ಹಾಸಿಕೊಳ್ಳುವುದು, ಮತ್ತೆ ಕೆಸರು ಬಿದ್ದರೆ ಮತ್ತೆ ಮೇಲೇಳುವುದು. ಹೀಗೆ ಪದರದ ಮೇಲೆ ಪದರ ಕೂತು ಗುಮ್ಮಟದಂಥ ಗುಬ್ಬಟೆಯಾಗಿ ಬೆಳೆದು, ಕಲ್ಲಾಗಿ, ಸ್ಟ್ರೊಮೆಟೊಲೈಟ್ ಎಂಬ ಹೆಸರು ಪಡೆದಿತ್ತು. ಮೀನು, ಶಂಖ, ಚಿಪ್ಪು ಒಂದೂ ಹುಟ್ಟಿರದ ಕಾಲ. ಅವು ಹುಟ್ಟಲು ಇನ್ನೂ ಇನ್ನೂರು ಕೋಟಿ ವರ್ಷ ಬೇಕಿತ್ತು. ಲತಾಮಣಿ ಆ ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿದಳು. ಆಮೇಲೆ ಚಿತ್ರ ನೋಡಿದಳು. ಈ ಗೆರೆಗಳು ಅವಳಿಗೆ ಗೊತ್ತಿದ್ದವು. ಎಲ್ಲಿ ಎಂಬುದು ಮಾತ್ರ ನೆನಪಾಗಲಿಲ್ಲ.

ಮೂರು ದಿನ ನೆನಪಾಗಲಿಲ್ಲ. ಹುಲಿಕೆರೆಯ ಕೊಳದ ಮೆಟ್ಟಿಲಿನಲ್ಲಿ ಇರಬಹುದೇ ಎಂದು ಯೋಚಿಸಿದಳು, ಇಲ್ಲ, ಅದು ಬಳಪದ ಕಲ್ಲು, ಅದರಲ್ಲಿ ಇಂಥದ್ದು ಉಳಿಯುವುದಿಲ್ಲ. ನೆನಪು ಬಂದದ್ದು ಅರಸೀಕೆರೆ ಸ್ಟೇಷನ್ನಿನಲ್ಲಿ. ಅಲ್ಲೇ ಕೆಲಸಕ್ಕಿರುವ ಧರ್ಮೇಶನ ಊಟದ ಡಬ್ಬಿ ಕೊಡಲು ಹೋದವಳು ಹತ್ತಿರವಾಗಲೆಂದು ಹಳಿ ದಾಟಿ ಪ್ಲಾಟ್‌ಫಾರಂ ಪಕ್ಕ ಕೆಳಗೆ ನಿಂತಿದ್ದಳು. ಎದೆಮಟ್ಟಕ್ಕೆ ಪ್ಲಾಟ್‌ಫಾರಮ್ಮಿನ ಅಂಚುಗಲ್ಲು, ಅದರ ಮೇಲೆ ಓಡಾಡುವ ಕಾಲುಗಳು, ಹವಾಯಿ ಚಪ್ಪಲಿ, ಬೂಟು, ಬೆಳ್ಳಿ ಕಾಲುಂಗುರ. ಕಾಲುಗಳನ್ನು ಹೀಗೆ ಕೆಳಗಿನಿಂದ ನೋಡುತ್ತಾ ನಿಂತಿದ್ದ ಏಳು ವರ್ಷದ ಹುಡುಗಿಯೊಬ್ಬಳು ಒಳಗಿನಿಂದ ಎದ್ದು ಬಂದಳು. ಹೊನ್ನೇಕೊಪ್ಪಲಿನ ಈಶ್ವರನ ಗುಡಿ. ಶಿವರಾತ್ರಿಯ ಮಾರನೆಯ ದಿನ. ಅವಳ ಕೇರಿಯವರೆಲ್ಲ ಜಗಲಿಯ ಕೆಳಗೆ ನಿಲ್ಲಬೇಕು, ಮೇಲಿನಿಂದ ಪ್ರಸಾದ ಸೆರಗಿಗೆ ಬೀಳುತ್ತದೆ. ಅದು ಬೀಳುವವರೆಗೆ ಹುಡುಗಿಗೆ ನೋಡಲು ಸಿಗುತ್ತಿದ್ದದ್ದು ಎರಡೇ, ಒಳಗೆ ಹೋಗುವವರ ಪಾದಗಳು ಮತ್ತು ಆ ಪಾದಗಳು ತುಳಿಯುವ ಮೇಲಿನ ಮೆಟ್ಟಿಲಿನ ಪಕ್ಕೆ. ಆ ಪಕ್ಕೆಯ ತುಂಬ ಕವುಚಿಟ್ಟ ಬಟ್ಟಲುಗಳು. ಅವಳು ಅವನ್ನು ಎಣಿಸುತ್ತಿದ್ದಳು, ಹನ್ನೊಂದರವರೆಗೆ ಎಣಿಸಿದ ನೆನಪು. ತುಳಿದುಕೊಂಡು ಹೋದವರಲ್ಲಿ ಒಬ್ಬರೂ ಬಗ್ಗಿ ನೋಡಿದ್ದಿಲ್ಲ. ಡಬ್ಬಿ ಕೈಯಲ್ಲಿ ಹಿಡಿದು ಹಳಿಯ ಪಕ್ಕ ನಿಂತೇ ಇದ್ದ ಲತಾಮಣಿಗೆ ಧರ್ಮೇಶ ಮೇಲಿನಿಂದ, ‘ಗೂಡ್ಸ್ ಬರ್ತಾ ಇದೆ, ಹತ್ತೇ ಮಾರಾಯ್ತಿ!’ ಎಂದು ಕೂಗಿದ್ದು ಎರಡನೇ ಸಲಕ್ಕೆ ಕೇಳಿಸಿತು.

ಬಸ್ಸು ಜಾವಗಲ್ಲಿನಲ್ಲಿ ನಿಂತು ಹೊರಟಿತು. ಹಳೇಬೀಡು ಹತ್ತಿರವಾದ ಹಾಗೆ ಅವಳ ಉತ್ಸಾಹಕ್ಕೆ ಒಂದು ಹುಳಿ ಸೇರಿಕೊಳ್ಳತೊಡಗಿತು. ಆ ಊರನ್ನು ದಾಟುವಾಗೆಲ್ಲ ಹೀಗೆ ಆಗುತ್ತದೆ. ಎರಡು ವರ್ಷದ ಹಿಂದೆ ಅಪ್ಪ ದ್ಯಾವಯ್ಯ ಇಲ್ಲಿನ ದೊಡ್ಡ ಗುಡಿಯ ಹುಲ್ಲುಹಾಸಿನಲ್ಲಿ ಕಳೆ ಕೀಳುವ ಕೂಲಿಗೆ ಬರುತ್ತಿದ್ದ. ಬೇಲಿಯ ಬುಡದಲ್ಲಿ ಬಸವನಹುಳುವಿನ ಹಾಗೆ ಸುರುಳಿ ಸುತ್ತಿಕೊಂಡ ಒಂದು ಕಲ್ಲಿನ ಚೂರು ಬಿದ್ದಿದೆ ಎಂದು ಮಾತಿಗೆ ಮಾತು ಬಂದು ಹೇಳಿದ. ಆಗಷ್ಟೇ ಪುಸ್ತಕದಲ್ಲಿ ಸುರುಳಿ ಶಂಖದ ಪಳೆಯುಳಿಕೆಯ ಬಣ್ಣದ ಚಿತ್ರ ನೋಡಿದ್ದ ಲತಾಮಣಿಯ ತಲೆ ಕೆಟ್ಟೇಹೋಯಿತು. ತಂದುಕೊಡು ಎಂದಳು. ‘ಅಲ್ಲಿದ್ದು ಒಂದು ಕಡ್ಡಿನೂ ಮುಟ್ಟಂಗಿಲ್ಲ ಕಣವ್ವ,’ ಎಂದ. ಮತ್ತೆ ಕೇಳಿದಳು. ಮೂರನೆಯ ಸಲ, ನಿನಗೆ ನನ್ನ ಓದಿನ ಮೇಲೆ ಮರ್ಯಾದೆಯೇ ಇಲ್ಲ ಎಂದು ಮುನಿಸಿಕೊಂಡಾಗ ಬುತ್ತಿಯ ಚೀಲದಲ್ಲಿ ಹಾಕಿಕೊಂಡು ತಂದುಕೊಟ್ಟ. ಹಾಸನದಲ್ಲಿ ವಿಜ್ಞಾನ ಶಿಕ್ಷಕರ ಸಮಾವೇಶ. ಹತ್ತಿಯ ಮೇಲೆ ಮಲಗಿಸಿಕೊಂಡು ಹೋದ ಆ ಚೂರನ್ನು ಬಂದಿದ್ದ ಪ್ರೊಫೆಸರರು ಕೈಯಲ್ಲಿ ತಿರುಗಿಸಿ ನೋಡಿದರು, ಕನ್ನಡಕ ಏರಿಸಿ ನೋಡಿದರು, ಆಮೇಲೆ ಬಹಳ ಮೃದುವಾಗಿ ಹೇಳಿದರು: ‘ಇದು ಮಕರದ ಬಾಲ, ತಾಯಿ. ಉಳಿಯ ಗುರುತು ನೋಡಿ ಇಲ್ಲಿದೆ. ಇದು ಬಳಪದ ಕಲ್ಲು. ಇದರಲ್ಲಿ ಶಂಖ ಹುಡುಕುವುದು ಬೆಂದ ಅನ್ನದಲ್ಲಿ ಮೊಳಕೆ ಹುಡುಕಿದ ಹಾಗೆ.’ ಸಭೆ ನಕ್ಕಿತು. ಹಿಂದಿನಿಂದ ಯಾರೋ, ‘ಮಕರಾನೂ ಸಮುದ್ರದ ಪ್ರಾಣೀನೇ ಅಲ್ವಾ ಸಾರ್!’ ಎಂದರು, ಸಭೆ ಇನ್ನೂ ಜೋರಾಗಿ ನಕ್ಕಿತು, ಲತಾಮಣಿಯೂ ನಕ್ಕಳು. ಈಗ ನೆನೆದರೆ ಆ ನಗುವಿಗೇ ಹೆಚ್ಚು ನಾಚಿಕೆಯಾಗುತ್ತದೆ. ಆಮೇಲೆ ಪ್ರೊಫೆಸರರು ಧ್ವನಿ ಬದಲಿಸಿ, ಇದು ನಿಮಗೆ ಹೇಗೆ ಸಿಕ್ಕಿತು, ಎಂದು ಕೇಳಿದರು. ಇವಳ ಬಾಯಿ ಇವಳಿಗಿಂತ ಮೊದಲೇ ಉತ್ತರ ಕೊಟ್ಟಿತು. ‘ನಮ್ಮಪ್ಪ ತಂದುಕೊಟ್ಟಿದ್ದು ಸಾರ್.’

ಅದು ಸುಳ್ಳಲ್ಲ. ಎಷ್ಟೋ ಸಲ ರಾತ್ರಿ ನಿದ್ದೆ ಬಾರದಾಗ ಅವಳು ತನ್ನ ಪರವಾಗಿ ಹೂಡುವ ವಾದ ಇದೇ, ಅದು ಸುಳ್ಳಲ್ಲ. ಸುದ್ದಿ ಹಳೇಬೀಡಿಗೆ ಮುಟ್ಟಿದ ಮೇಲೆ ಅಪ್ಪ ಆ ಚೂರನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗಿ ಜೊತೆಯ ಕೂಲಿಯವರ ಎದುರಿಗೇ ಹಿಂದಿರುಗಿಸಿ ಬಂದ. ಮಾರನೆಯ ವಾರದಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಊರಿನ ಬಾಯಿಂದ ಬಾಯಿಗೆ ಹೋಗುತ್ತಾ ಬಾಲದ ಚೂರು ಇಡೀ ಮಕರವಾಗಿ, ಮಕರ ವಿಗ್ರಹವಾಗಿ, ಹಳೇಬೀಡಿನ ವಿಗ್ರಹ ಎತ್ತಿದವನು ದ್ಯಾವಯ್ಯ ಎಂಬಲ್ಲಿಗೆ ಬಂದು ನಿಂತಿತು. ಅಪ್ಪ ಮಗಳಿಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಆ ಅವಕಾಶವನ್ನೂ ಅವನು ಕೊಡಲಿಲ್ಲ. ಹಬ್ಬಕ್ಕೆ ಬಂದರೆ, ‘ಬಂದ್ಯಾ ಅವ್ವ’ ಎನ್ನುವನು, ಹೊರಟರೆ, ‘ಹೊಂಟ್ಯಾ ಅವ್ವ’ ಎನ್ನುವನು. ನಡುವೆ ಹವೆಯ ಮಾತು.

ಮಾದಿಹಳ್ಳಿಯಲ್ಲಿ ಇಳಿದಾಗ ಹನ್ನೊಂದರ ಬಿಸಿಲು. ಅಲ್ಲಿಂದ ಎರಡು ಮೈಲಿ ನಡಿಗೆ. ಬ್ಯಾಗಿನಲ್ಲಿ ಭೂತಗನ್ನಡಿ, ನೀರಿನ ಬಾಟಲಿ, ಮತ್ತು ಕಣ್ಣಿಗೆ ಬಿಡುವ ಔಷಧಿಯ ಖಾಲಿ ಸೀಸೆಯಲ್ಲಿ ಸ್ಕೂಲಿನ ಪ್ರಯೋಗಶಾಲೆಯಿಂದ ತಂದ ನೀರು ಬೆರೆಸಿದ ಆಸಿಡ್ಡು. ಸುಣ್ಣದ ಕಲ್ಲಾಗಿದ್ದರೆ ಆಸಿಡ್ಡು ಬಿದ್ದ ಕಡೆ ನೊರೆ ಏಳುತ್ತದೆ, ಬಳಪದ ಕಲ್ಲಾದರೆ ಸುಮ್ಮನಿರುತ್ತದೆ. ಯಾರಿಗೂ ಹೇಳದೆ, ಅವ್ವನ ಹತ್ತಿರ ಹುರಿಹಿಟ್ಟು ಇಸಿದುಕೊಳ್ಳುವ ನೆವ ಮಾಡಿ, ಮಧ್ಯಾಹ್ನ ಗುಡಿಯ ಬಳಿ ಯಾರೂ ಇಲ್ಲದಾಗ ಹೋಗಿ, ಒಂದು ತೊಟ್ಟು ಬಿಟ್ಟು, ನೋಡಿಕೊಂಡು ಬರುವುದು. ನೊರೆ ಬಾರದಿದ್ದರೆ ಪ್ರಪಂಚದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಂದರೆ? ಬಂದರೂ ಹೇಳಬೇಕೆಂದೇನಿಲ್ಲ. ತಾನು ಒಬ್ಬಳೇ ತಿಳಿದುಕೊಂಡಿದ್ದರೆ ಸಾಕು. ಹೀಗೆ ಅಂದುಕೊಂಡರೂ ಕಾಲು ಮಾತ್ರ ಬೇಗ ಬೇಗ ಬೀಳುತ್ತಿತ್ತು, ತೆಂಗಿನ ತೋಟದ ಬದುವಿನಲ್ಲಿ ಅವಳು ಒಂದೆರಡು ಹೆಜ್ಜೆ ಓಡಿಯೂಬಿಟ್ಟಳು.

ಊರ ಮುಂದಿನ ಹೊಂಗೆಯ ನೆರಳಿನಲ್ಲಿ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ‘ಬಂದ್ಯಾ ಅವ್ವ,’ ಎಂದ. ಗುಡಿಯ ಕಡೆಯಿಂದ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು ಬರುತ್ತಿತ್ತು. ಅದೇನು ಎಂದು ಇವಳು ಕೇಳಿದಳು.

‘ಗುಡಿ ರಿಪೇರಿ. ಮೆಟ್ಲೆಲ್ಲ ಕಿತ್ತು ಹೊಳೆಯೋ ಕಲ್ಲು ಹಾಕಿಸ್ತಾವ್ರೆ ನಂಜುಂಡಯ್ಯನೋರು. ಕೆಳಗಿನ ಎಲ್ಡು ಬೆಳಗ್ಗೆಯೇ ಎದ್ದೊ. ಮೇಲಿಂದೊಂದು ಉಳ್ಕಂಡೈತೆ.’

‘ಕಿತ್ತಿದ್ದನ್ನ ಏನ್ ಮಾಡ್ತಾರಪ್ಪಾ?’

‘ಒಡ್ದು ಪಾಯಕ್ಕೆ ಹಾಕ್ತಾರೆ. ಯಾಕವ್ವ?’

ಯಾಕೆ ಎಂಬುದಕ್ಕೆ ಅವಳಲ್ಲಿ ಉತ್ತರವಿತ್ತು. ಇಡೀ ದಾರಿ ಅದನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದಳು. ಆದರೆ ‘ಕಲ್ಲು’ ಎಂಬ ಮಾತನ್ನು ಅಪ್ಪನ ಎದುರು ಎರಡು ವರ್ಷದಿಂದ ಆಡಿರಲಿಲ್ಲ, ಅಡುಗೆಮನೆಯ ರುಬ್ಬುವ ಕಲ್ಲಿಗೂ ಬೇರೆ ಹೆಸರು ಹುಡುಕುವಷ್ಟು ಅಳುಕು. ಅವಳು ಬ್ಯಾಗನ್ನು ಎದೆಗೊತ್ತಿಕೊಂಡು ಗುಡಿಯ ಕಡೆಗೆ ಓಡಿದಳು. ಮೂವತ್ತೈದು ವರ್ಷದ ಹೈಸ್ಕೂಲು ಟೀಚರು ಸೀರೆ ಎತ್ತಿಹಿಡಿದು ಓಡುವುದನ್ನು ಊರು ನೋಡಿತು. ಹಿಂದೆ ಅಪ್ಪನ ಸೈಕಲ್ಲಿನ ಸರಪಳಿಯ ಸದ್ದು ಕೇಳುತ್ತಿತ್ತು.

ಜಗಲಿಯ ಕೆಳಗೆ ಕಿತ್ತ ಮೆಟ್ಟಿಲುಗಳು ಚೂರಾಗಿ ಬಿದ್ದಿದ್ದವು. ಬಗ್ಗಿ ನೋಡಿದಳು. ಎರಡೂ ಬಳಪದ ಕಲ್ಲು, ಹಸಿರು ಬೂದಿಯ ಬಣ್ಣ. ಮೇಲಿನದು ಇನ್ನೂ ಜಾಗದಲ್ಲೇ ಇತ್ತು. ಯಾವ ಕಾಲದಲ್ಲೋ ಯಾರೋ ದುರಸ್ತಿಗೆಂದು ಬೇರೆ ಸೀಮೆಯಿಂದ ಗಾಡಿಯ ಮೇಲೆ ತಂದು ಕೂರಿಸಿದ್ದ ನೀಲಿ ಬೂದಿಯ ಕಲ್ಲು. ಕಲ್ಲುಕೆಲಸದ ಕೆಂಚಯ್ಯ ಹಾರೆಯನ್ನು ಗೋಡೆಗೆ ಒರಗಿಸಿ ಬೀಡಿ ಹಚ್ಚುತ್ತಿದ್ದ. ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರಾದ ನಂಜುಂಡಯ್ಯ, ನೂರು ತೆಂಗಿನ ಮರದ ಯಜಮಾನರು, ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ‘ಬನ್ನಿ ಟೀಚರಮ್ಮ, ಬನ್ನಿ, ದೇವರ ಕೆಲಸ ನಡೀತಾ ಐತೆ,’ ಎಂದರು. ಲತಾಮಣಿ ನಮಸ್ಕಾರ ಮಾಡಿ ಹೋಗಿ ನಿಂತದ್ದು ಜಗಲಿಯ ಕೆಳಗೆ. ಮೇಲೆ ಹತ್ತಬೇಡ ಎಂದು ಈಗ ಯಾರೂ ಅನ್ನುವುದಿಲ್ಲ. ಆದರೂ ಕಾಲುಗಳು ತಾವಾಗಿ ಹಳೆಯ ಜಾಗದಲ್ಲಿ ನಿಂತವು. ಅದೂ ಒಳ್ಳೆಯದೇ ಆಯಿತು. ಮೆಟ್ಟಿಲಿನ ಪಕ್ಕೆ ಈಗ ಅವಳ ಎದೆಮಟ್ಟಕ್ಕಿತ್ತು, ಬಗ್ಗಿದರೆ ಕಣ್ಣಿಗೆ ನೇರ. ಅದರ ಮೇಲೆ ವರ್ಷಾನುವರ್ಷದ ಸುಣ್ಣ ಬಳಿದು ಏನೂ ಕಾಣದ ಹಾಗಾಗಿತ್ತು. ಅವಳು ತಲೆಯ ಪಿನ್ನು ತೆಗೆದು ಕೆರೆಯತೊಡಗಿದಳು. ಸುಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಬಂತು. ಬಾಟಲಿಯ ನೀರು ಸುರಿದು, ಬಳಿದ ಸುಣ್ಣದ ಪುಡಿಯೂ ಉಳಿಯದ ಹಾಗೆ ಅಂಗೈಯಿಂದ ತಿಕ್ಕಿದಳು. ನೀರು ಕುಡಿದ ಕಲ್ಲು ಕಪ್ಪಾಗುತ್ತಾ ಹೋಗಿ, ಆ ಕಪ್ಪಿನೊಳಗಿನಿಂದ ಒಂದು ಬಾಗಿದ ಗೆರೆ ಮೇಲೆದ್ದಿತು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

ಅವಳು ಒದ್ದೆ ಕೈಯಲ್ಲೇ ಸೀಸೆ ತೆಗೆದಳು. ಸೀಸೆಯ ಮುಚ್ಚಳ ತಿರುಗಿಸಲು ಆಗಲಿಲ್ಲ, ಹಲ್ಲಿನಿಂದ ಕಚ್ಚಲು ಹೋಗಿ, ಆಸಿಡ್ಡು ಅದು ಎಂದು ನೆನಪಾಗಿ, ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ಒಂದು ತೊಟ್ಟು ಬಿಟ್ಟಳು. ಕಲ್ಲು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಸಣ್ಣಗೆ ಬುಸುಗುಟ್ಟಿ ಬೆಳ್ಳಗೆ ನೊರೆ ಬಿಟ್ಟಿತು. ‘ಅಯ್ಯೋ!’ ಎಂದುಬಿಟ್ಟಳು ಲತಾಮಣಿ, ಜೋರಾಗಿ, ನಗುತ್ತಾ. ಈ ನೊರೆ ಎಂದರೆ ಗಾಳಿ, ಯಾವ ಕಣ್ಣೂ ಇಲ್ಲದ ಕಾಲದ ಆ ನೀರಿನಿಂದ ಕಲ್ಲು ಹೀರಿಟ್ಟುಕೊಂಡ ಗಾಳಿ, ಇಷ್ಟು ದಿನ ಕೂಡಿಟ್ಟು ಈಗ ಹೊನ್ನೇಕೊಪ್ಪಲಿನಲ್ಲಿ, ಭಾನುವಾರ, ಅವಳ ಮೂಗಿನ ಮುಂದೆ ಹೊರಗೆ ಬರುತ್ತಿದೆ. ಮೊದಲ ಸಲ ಎಂಬಂತೆ ಅವಳಿಗೆ ತಾನು ಉಸಿರಾಡುತ್ತಿರುವುದು ತಿಳಿಯಿತು.

‘ಏನಾಕಿದ್ರಿ ಅದಕ್ಕೆ?’ ನಂಜುಂಡಯ್ಯ ಕುರ್ಚಿಯಿಂದ ಎದ್ದಿದ್ದರು.

ಅವಳಿಗೆ ಕೇಳಿಸಲಿಲ್ಲ. ಮೇಲ್ಭಾಗ ನೋಡಬೇಕಿತ್ತು. ಪಕ್ಕೆಯಿಂದ ಬಟ್ಟಲಿನಂತೆ ಕಾಣುವುದು ನಿಜಕ್ಕೂ ಗುಬ್ಬಟೆಯಾಗಿದ್ದರೆ ಮೇಲಿನಿಂದ ಸುತ್ತು ಸುತ್ತಾಗಿ ಕಾಣಬೇಕು, ಇಲ್ಲದಿದ್ದರೆ ಇದು ಬರೀ ಮಡಿಕೆ ಬಿದ್ದ ಕಲ್ಲು. ಚಪ್ಪಲಿ ಬಿಟ್ಟು, ಜಗಲಿಯ ಅಂಚಿಗೆ ಎರಡೂ ಅಂಗೈ ಊರಿ, ಮೊಣಕಾಲು ಕೊಟ್ಟು ಅವಳು ಮೇಲೆ ಹತ್ತಿಬಿಟ್ಟಳು. ಹತ್ತಿ ನಿಂತ ಮೇಲೆಯೇ ತಾನು ಎಲ್ಲಿ ಹತ್ತಿದೆ ಎಂಬುದು ಗೊತ್ತಾಯಿತು. ಕೆಂಚಯ್ಯ ಬೀಡಿ ಬಾಯಿಂದ ತೆಗೆದ. ಬಾಗಿಲ ಪಕ್ಕದಲ್ಲಿ ಬಿಂದಿಗೆ ಹಿಡಿದು ಕೂತಿದ್ದ ಶಿವಗಂಗಮ್ಮ, ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಈ ಜಗಲಿ ತೊಳೆಯುವ ಮುದುಕಿ, ಇವಳ ಒದ್ದೆ ಕೈ ನೋಡಿ, ‘ನೀರು ಬೇಕೇನವ್ವಾ?’ ಎಂದಳು. ಬೇಕು ಎನ್ನುವಷ್ಟರಲ್ಲಿ ಮೆಟ್ಟಿಲಿನ ಮೇಲೆ ಬಿಂದಿಗೆ ಬಗ್ಗಿಸಿದಳು. ‘ಒದ್ದೆಯಾದ್ರೆ ಚೆಂದ ಕಾಣ್ತದೆ ಇದು. ನಾನು ಇದ್ಕೆ ಈರುಳ್ಳಿ ಕಲ್ಲು ಅಂತೀನಿ. ನೋಡು, ಕುಯ್ದಿಟ್ಟಂಗೆ.’

ಕುಯ್ದಿಟ್ಟ ಹಾಗೇ ಇತ್ತು. ಸಾವಿರಾರು ಪಾದಗಳು ಸವೆಸಿ ನುಣುಪು ಮಾಡಿದ ಮೈಯಲ್ಲಿ ಸುತ್ತಿನೊಳಗೆ ಸುತ್ತು, ಸುತ್ತಿನೊಳಗೆ ಸುತ್ತು, ಒಂದರ ಪಕ್ಕ ಒಂದು. ಲತಾಮಣಿ ಒಂದು ಸುತ್ತಿನ ಮೇಲೆ ಬೆರಳಿಟ್ಟು ಅಂಚಿನವರೆಗೆ ಎಳೆದುಕೊಂಡು ಹೋಗಿ, ಬಗ್ಗಿ, ತಲೆಕೆಳಗಾಗಿ ಪಕ್ಕೆಯನ್ನು ನೋಡಿದಳು. ಮೇಲಿನ ಸುತ್ತು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕೆಳಗಿನ ಬಟ್ಟಲು ಶುರುವಾಗುತ್ತಿತ್ತು. ಮೇಲಿನಿಂದ ಈ ಮುದುಕಿ ನೋಡಿದ್ದು, ಕೆಳಗಿನಿಂದ ತಾನು ನೋಡಿದ್ದು ಎರಡೂ ಒಂದೇ ಮೈ. ಇಪ್ಪತ್ತೆಂಟು ವರ್ಷದ ಹಿಂದೆಯೂ ಇಬ್ಬರೂ ಒಂದೊಂದು ಕಡೆಯಿಂದ ನೋಡುತ್ತಿದ್ದರು. ಅವಳಿಗೆ ಶಿವಗಂಗಮ್ಮನನ್ನು ತಬ್ಬಿಕೊಳ್ಳಬೇಕೆನಿಸಿತು. ‘ಅಜ್ಜಿ, ಇದು ಜೀವ ಇದ್ದಿದ್ದು!’ ಎಂದಳು. ‘ಸಮುದ್ರದ ತಳದಲ್ಲಿ ಬೆಳೀತಿತ್ತು. ಕೆಸರು ಬಿದ್ದಷ್ಟೂ ಮೇಲೆ ಏಳ್ತಿತ್ತು. ನಂಜುಂಡಯ್ಯನೋರೇ, ಇದನ್ನ ಒಡೀಬೇಡಿ, ಇದು ಪಳೆಯುಳಿಕೆ, ಈ ಸೀಮೆಯಲ್ಲಿ ಯಾರ ಗುಡಿಯಲ್ಲೂ ಇಂಥದ್ದು ನೋಡಿಲ್ಲ ನಾನು...’ ಮಾತು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. ಇಷ್ಟು ಹೊತ್ತಿಗೆ ಹತ್ತು ಹದಿನೈದು ಜನ ಸೇರಿದ್ದರು. ಅಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಜಗಲಿಯ ಕೆಳಗೆ ಬಂದು ನಿಂತಿದ್ದ.

ನಂಜುಂಡಯ್ಯ ಮೆಟ್ಟಿಲನ್ನೂ ಅವಳ ಭೂತಗನ್ನಡಿಯನ್ನೂ ಸೀಸೆಯನ್ನೂ ಒಂದೊಂದಾಗಿ ನೋಡಿದರು. ಈ ಸೀಮೆಯವರಿಗೆ ಕಲ್ಲಿನ ಮೇಲೆ ಗೆರೆ ಬರುವ ದಾರಿ ಒಂದೇ, ಉಳಿ. ಉಳಿಯಿಂದ ಗೆರೆ ಹೊಡೆದವನಿಗೆ ಏನಾದರೂ ಉದ್ದೇಶ ಇದ್ದೇ ಇರುತ್ತದೆ. ‘ಸುತ್ತು ಕೆತ್ತವ್ರೆ ಅಂದ್ರೆ ಗುರುತು ಅದು,’ ಎಂದರು ಅವರು ನಿಧಾನವಾಗಿ. ‘ನಿಧಿ ಇಟ್ಟೋರು ಗುರುತು ಮಾಡ್ದೆ ಇಡ್ತಾರಾ? ಜಾವಗಲ್ ಕಡೆ ಬಸವಣ್ಣನ ಹೊಟ್ಟೇನೇ ಬಗೆದ್ರಲ್ಲ ಹೋದ ವರ್ಷ. ಔಷಧಿ ಬಿಟ್ರೆ ಕಲ್ಲು ನೊರೆ ಕಕ್ತದೆ ಅಂದ್ರೆ ಒಳಗೆ ಏನೋ ಐತೆ ಟೀಚರಮ್ಮ. ನಿಮಗೆ ಇದನ್ನ ಹೇಳಿಕೊಟ್ಟೋರು ಯಾರು?’ ಅವರ ಕಣ್ಣು ಜಗಲಿಯ ಕೆಳಕ್ಕೆ ಹೋಯಿತು. ‘ದ್ಯಾವಯ್ಯಂಗೆ ಇಂಥವು ಚೆನ್ನಾಗಿ ಗೊತ್ತಾಯ್ತವೆ ಅಂತ ಕೇಳಿದ್ದೆ. ಹಳೇಬೀಡಲ್ಲೇ ಕೈ ಪಳಗಿಸ್ದೋನು.’ ಒಬ್ಬಿಬ್ಬರು ನಕ್ಕರು.

ಅಪ್ಪ ನೆಲ ನೋಡುತ್ತಿದ್ದ. ಹಾಸನದ ಆ ಸಭೆಯ ಫ್ಯಾನುಗಳ ಸದ್ದು, ಕನ್ನಡಕದ ಮೇಲಿನಿಂದ ನೋಡುವ ಪ್ರೊಫೆಸರರ ಕಣ್ಣು, ನಕ್ಕು ನಕ್ಕು ನೋಯುತ್ತಿದ್ದ ತನ್ನದೇ ಕೆನ್ನೆ, ಎಲ್ಲ ಬಂದು ಅವಳನ್ನು ಸುತ್ತಿಕೊಂಡವು, ಮತ್ತು ಬಾಯಿ ಆ ಹಳೆಯ ಅಭ್ಯಾಸದಂತೆ ಬೇರೆ ಯಾರದಾದರೂ ಹೆಸರು ಹುಡುಕಲು ಹೊರಟಿತು. ಪತ್ರಿಕೆಯಲ್ಲಿ ಬಂದಿದೆ ಎನ್ನಬಹುದು. ಹಾಸನದವರು ಕಳಿಸಿದ್ದಾರೆ ಎನ್ನಬಹುದು. ‘ಯಾರೂ ಹೇಳಿಕೊಟ್ಟಿಲ್ಲ,’ ಎಂದಳು ಲತಾಮಣಿ. ‘ನಾನೇ ನೋಡಿದ್ದು. ಚಿಕ್ಕವಳಿದ್ದಾಗ ಅಲ್ಲಿ ಕೆಳಗೆ ನಿಂತು ನೋಡಿದ್ದು.’ ಅಷ್ಟಕ್ಕೇ ನಿಲ್ಲಿಸದೆ ಮುಂದುವರಿದಳು. ‘ಹಳೇಬೀಡಿನ ಕಲ್ಲೂ ಅಷ್ಟೇ. ನಮ್ಮಪ್ಪ ಆಗಲ್ಲ ಅಂತ ಎರಡು ಸಲ ಅಂದ. ನಾನು ಮುನಿಸಿಕೊಂಡು ತರಿಸಿಕೊಂಡಿದ್ದು. ಸಭೆಯಲ್ಲಿ ಕೇಳಿದಾಗ ಅವನ ಹೆಸರು ಹೇಳಿದ್ದೂ ನಾನೇ. ಕಳ್ಳತನ ಅಂತ ಯಾರಾದ್ರೂ ಅನ್ನೋದಾದ್ರೆ ನನ್ನನ್ನ ಅನ್ನಿ.’

ಅಪ್ಪ ತಲೆ ಎತ್ತಲಿಲ್ಲ, ಆದರೆ ತನ್ನ ಹೆಗಲ ಟವಲನ್ನು ಬಿಗಿಹಿಡಿದಿದ್ದ ಕೈಯನ್ನು ಕೆಳಗಿಳಿಸಿದ. ನಂಜುಂಡಯ್ಯ ಸ್ವಲ್ಪ ಮೆತ್ತಗಾಗಿ, ‘ಅದೆಲ್ಲ ಇರ್ಲಿ ಬುಡಿ ಟೀಚರಮ್ಮ,’ ಎಂದರು. ‘ಕೆತ್ತಿದ್ದಲ್ಲ ಅನ್ನೋದಾದ್ರೆ ಹೆಂಗೆ ನಂಬೋದು ನಾವು?’

ಹೇಗೆ ನಂಬುವುದು? ಅದು ಅವಳದೇ ಪ್ರಶ್ನೆ. ಮಕರದ ಬಾಲವೂ ಹೊರಗಿನಿಂದ ಶಂಖವೇ ಆಗಿತ್ತು. ಉಳಿ ಹೊಡೆದದ್ದು ಚರ್ಮದಷ್ಟೇ ಆಳ, ಒಳಗೆ ಬರೀ ಕಲ್ಲು. ಬೆಳೆದದ್ದಾದರೆ ಒಳಗೂ ಬೆಳೆದಿರಬೇಕು. ಒಳಗೆ ಏನೂ ಇಲ್ಲದಿದ್ದರೆ ಇಷ್ಟು ಜನರ ಎದುರು, ಅಪ್ಪನ ಎದುರು, ಮತ್ತೊಂದು ಸಲ. ಇದ್ದರೆ, ಈ ಸೀಮೆಯಲ್ಲಿ ಇದ್ದ ಒಂದೇ ಒಂದನ್ನು ತಾನೇ ಬಾಯಿಬಿಟ್ಟು ಒಡೆಸಿದ ಹಾಗಾಗುತ್ತದೆ. ಒಡೆಯಬೇಡಿ ಎಂದು ಈಗ ತಾನೇ ಅಂದವಳು ಅವಳು. ಅಂದದ್ದಕ್ಕೇ ಇವರು ನಿಧಿಯ ಆಸೆಗೆ ನಾಳೆಯಾದರೂ ಒಡೆದು, ನೋಡದೆ, ಪಾಯಕ್ಕೆ ಸುರಿಯುತ್ತಾರೆ. ಇದೆಲ್ಲ ನೆವ ಎಂಬುದೂ ಅವಳಿಗೆ ಗೊತ್ತಿತ್ತು. ಅವಳಿಗೆ ಒಳಗೆ ನೋಡಬೇಕಿತ್ತು, ಮೈಯೆಲ್ಲ ಕಣ್ಣಾಗಿ ನೋಡಬೇಕಿತ್ತು, ತಪ್ಪೋ ಸರಿಯೋ ಆಮೇಲೆ ಕೊರಗಿದರಾಯಿತು. ‘ಒಡೀರಿ,’ ಎಂದಳು. ‘ನಿಧಿ ಇದ್ರೆ ನಿಮಗೆ. ಕೆತ್ತಿದ್ದಾದ್ರೆ ಒಳಗೆ ಗೆರೆ ಇರಲ್ಲ. ಕೆಂಚಯ್ಯ, ಸರಿಯಾಗಿ ಮಧ್ಯಕ್ಕೆ ಹೊಡಿ.’

ಕೆಂಚಯ್ಯ ನಂಜುಂಡಯ್ಯನವರ ಮುಖ ನೋಡಿದ. ಅವರು ಗೋಣು ಹಾಕಿದರು. ಅವನು ಮೆಟ್ಟಿಲನ್ನು ಹಾರೆಯಿಂದ ಮೀಟಿ ಜಗಲಿಯ ಅಂಚಿಗೆ ತಂದು, ಅರ್ಧ ಹೊರಗೆ ಚಾಚುವಂತೆ ಕೂರಿಸಿದ. ಉಳಿ ಇಟ್ಟು ಸಾಲಾಗಿ ನಾಲ್ಕು ಗುಳಿ ಹೊಡೆದ. ‘ದೂರ ನಿಂತ್ಕಳಿ,’ ಎಂದು ದೊಡ್ಡ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಕಲ್ಲು ಗಂಟೆಯಂತೆ ನುಡಿಯಿತು. ಎರಡನೆಯದಕ್ಕೂ ನುಡಿಯಿತು. ಮೂರನೆಯದಕ್ಕೆ ದನಿ ಸತ್ತು, ಹೊರಚಾಚಿದ ಅರ್ಧ ಕಳಚಿ ಜಗಲಿಯ ಕೆಳಕ್ಕೆ ದೊಪ್ಪನೆ ಬಿತ್ತು. ಧೂಳು ಎದ್ದಿತು. ಜಗಲಿಯ ಮೇಲೆ ಉಳಿದ ಅರ್ಧದ ಒಡೆದ ಮುಖವೂ ಹೊರಕ್ಕೆ, ಕೆಳಗಿನವರ ಕಡೆಗೆ ತಿರುಗಿತ್ತು. ಮೇಲೆ ನಿಂತಿದ್ದ ಲತಾಮಣಿಗೆ, ನಂಜುಂಡಯ್ಯನವರಿಗೆ, ಕೆಂಚಯ್ಯನಿಗೆ ಏನೂ ಕಾಣುತ್ತಿರಲಿಲ್ಲ. ಅವಳಿಗೆ ಬಗ್ಗಿ ನೋಡಲು ಧೈರ್ಯವೂ ಸಾಲಲಿಲ್ಲ. ಶಿವಗಂಗಮ್ಮ ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ಅಂಚಿನಿಂದ ಕೆಳಕ್ಕೆ ಹೊಯ್ದಳು. ನೀರು ಒಡೆದ ಮುಖದ ಮೇಲೆ ಇಳಿದು ಹೋಗುವ ಸದ್ದು ಕೇಳಿಸಿತು. ಕೆಳಗಿದ್ದ ಹದಿನೈದು ಜನ ಕತ್ತು ಚಾಚಿದರು. ಆಮೇಲೆ ಅಪ್ಪ ಮುಂದೆ ಬಂದ. ಬಗ್ಗಿದ. ತೋರುಬೆರಳನ್ನು ಒಡೆದ ಕಲ್ಲಿನ ಮೇಲಿಟ್ಟು ಎಷ್ಟೋ ಹೊತ್ತು, ಅಕ್ಷರ ಕಲಿಯುವವರ ಹಾಗೆ, ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಬಂದ. ಎರಡು ವರ್ಷದ ಮೇಲೆ ಅವಳ ಮುಖವನ್ನು ನೆಟ್ಟಗೆ ನೋಡಿದ.

‘ಒಳಗೂ ಐತೆ ಕಣವ್ವ,’ ಎಂದ ದ್ಯಾವಯ್ಯ. ‘ತಳದಗಂಟ ಐತೆ. ಅಲ್ಲಿಂದ ಕಾಣಲ್ಲ, ಇಳ್ದು ಬಾ.’